ಪೆರಂಬೂರಿನ ರೈಲು ಬೋಗಿಗಳು
ಅಂದಿನ ಮದರಾಸಿನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ನೆಹರೂ ಅವರು ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ ಹೆಸರಿನಲ್ಲಿಯೇ ಅದರ ತಂತ್ರವೂ ಅಡಗಿದೆ. ಹಳೆಯ ಬೋಗಿಗಳಲ್ಲಿ ಭಾರವನ್ನೆಲ್ಲ ಅಡಿಯ ಚೌಕಟ್ಟೇ ಹೊರುತ್ತಿತ್ತು. ಮೇಲಿನ ಮರದ ಒಡಲು ಅಪಘಾತದಲ್ಲಿ ಚೂರಾಗುತ್ತಿತ್ತು. ಇಲ್ಲಿಯಾದರೋ ನೆಲ, ಗೋಡೆ, ಚಾವಣಿಗಳನ್ನು ಬೆಸುಗೆಯಿಂದ ಒಂದೇ ಉಕ್ಕಿನ ಕೊಳವೆಯಂತೆ ಕೂಡಿಸಿ, ಇಡೀ ಒಡಲೇ ಭಾರವನ್ನು ಹೊರುವಂತೆ ಮಾಡಲಾಯಿತು. ಬೋಗಿ ಹಗುರವೂ ಆಯಿತು, ಗಟ್ಟಿಯೂ ಆಯಿತು.

ಆದರೆ ಈ ವಿದ್ಯೆ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಸಂಸ್ಥೆಯಿಂದ ಪಡೆದ ಕಡ. ತಯಾರಿಕೆಯನ್ನು ಕೈಗಳು ಕಲಿತವು. ಮೂಲವಿನ್ಯಾಸ ಮಾತ್ರ ಬಹುಕಾಲ ಪರದೇಶದ್ದೇ. 2018ರ ಆರಂಭದಲ್ಲಿ ಆ ಸ್ವಿಸ್ ಮಾದರಿಯ ತಯಾರಿಕೆ ನಿಂತಾಗ ಅದರ ಸ್ಥಾನವನ್ನು ತುಂಬಿದ್ದೂ ಜರ್ಮನಿ ಮೂಲದ ಮಾದರಿ. ಅದೇ ವರ್ಷ ಪೆರಂಬೂರಿನ ಎಂಜಿನಿಯರುಗಳು, ಪ್ರತ್ಯೇಕ ಎಂಜಿನಿಲ್ಲದೆ ಬೋಗಿಗಳ ಅಡಿಯಲ್ಲಿಯೇ ಮೋಟಾರುಗಳುಳ್ಳ 16 ಬೋಗಿಗಳ ರೈಲನ್ನು ಬಹುಮಟ್ಟಿಗೆ ತಾವೇ ರೂಪಿಸಿ ಹೊರತಂದರು. ಮುಂದೆ ‘ವಂದೇ ಭಾರತ್’ ಎನಿಸಿಕೊಂಡದ್ದು ಅದೇ. ಡಿಸೆಂಬರಿನ ಪರೀಕ್ಷೆಯಲ್ಲಿ ಅದು ಗಂಟೆಗೆ 180 ಕಿಲೋಮೀಟರ್ ವೇಗವನ್ನು ಮುಟ್ಟಿತು.