ಗಡಿ ದಾಟಿದ ಅನುಭವಕ್ಕೆ ಬೆಲೆ ಕಟ್ಟುವ ಬಗೆ

ವಿದ್ಯೆಯನ್ನು ಕಳ್ಳರು ಕದಿಯಲಾರರು, ಅರಸರು ಕಸಿಯಲಾರರು ಎಂಬ ಮಾತನ್ನು ನಾವೆಲ್ಲರೂ ಶಾಲೆಯ ದಿನಗಳಿಂದಲೇ ಕೇಳುತ್ತ ಬಂದಿದ್ದೇವೆ. ಮಾತು ಸತ್ಯವಾದುದೇ. ಆದರೆ ಗಡಿಯೊಂದನ್ನು ದಾಟಿದ ಮಾತ್ರಕ್ಕೆ ಅದೇ ವಿದ್ಯೆಗೆ, ಆ ವಿದ್ಯೆಯ ಬಲದಿಂದ ಹತ್ತಾರು ವರ್ಷ ದುಡಿದು ಸಂಪಾದಿಸಿದ ಅನುಭವಕ್ಕೆ, ಬೆಲೆ ಕುಗ್ಗುವುದೂ ಅಷ್ಟೇ ಸತ್ಯ. ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ವಿದ್ಯಾವಂತ ತರುಣರು ಇಂದು ಬೆಂಗಳೂರು, ಹೈದರಾಬಾದುಗಳಿಗೆ ಮಾತ್ರವಲ್ಲದೆ ಕೊಲ್ಲಿ ರಾಷ್ಟ್ರಗಳಿಗೂ ಅಮೆರಿಕ, ಕೆನಡಾ ದೇಶಗಳಿಗೂ ಉದ್ಯೋಗವನ್ನರಸಿ ಹೋಗುತ್ತಾರೆ. ಹೋದವರ ಹಿಂದಿನ ದುಡಿಮೆಯನ್ನು ಅಲ್ಲಿಯ ಉದ್ಯೋಗದಾತರು ಹೇಗೆ ಅಳೆಯುತ್ತಾರೆ, ನ್ಯಾಯವಾಗಿ ಅಳೆಯುವುದಾದರೆ ಹೇಗೆ ಅಳೆಯಬೇಕು, ಇದರಲ್ಲಿ ನಮ್ಮಂತಹ ವಿದ್ಯಾಸಂಸ್ಥೆಗಳ ಹೊಣೆ ಏನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಊರು ಬಿಡದೆ ನಾಡು ಬದಲಾದವರು

ಈ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದೇನಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಗುಲಬರ್ಗಾ, ಬೀದರ ಜಿಲ್ಲೆಗಳೊಡನೆ ಹೈದರಾಬಾದ್ ರಾಜ್ಯದಿಂದ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಶಿಕ್ಷಕರಾಗಲಿ, ರಾಯಚೂರಿನ ಕಚೇರಿಗಳಲ್ಲಿ ಕಡತ ನೋಡುತ್ತಿದ್ದ ಗುಮಾಸ್ತರಾಗಲಿ ತಮ್ಮ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಆದರೂ ಬೆಳಗಾಗುವುದರೊಳಗೆ ಅವರ ಹಿಂದಿನ ಸೇವೆಯೆಲ್ಲವೂ ಬೇರೊಂದು ರಾಜ್ಯದ ಸೇವೆಯಾಗಿ ಪರಿಣಮಿಸಿತು.

ಆ ಸೇವೆಯನ್ನು ಓದುವುದೇ ಹೊಸ ರಾಜ್ಯದವರಿಗೆ ಒಂದು ಸಮಸ್ಯೆಯಾಗಿತ್ತು. ನಿಜಾಮರ ಆಳಿಕೆಯಲ್ಲಿ ನೌಕರಿಗೆ ಸೇರಿದವರ ಕಾಗದಪತ್ರಗಳು ಉರ್ದು ಭಾಷೆಯಲ್ಲಿದ್ದವು. ದಿನಾಂಕಗಳು ಫಸಲಿ ವರ್ಷದಲ್ಲಿದ್ದವು. ಫಸಲಿ 1357 ಎಂದರೆ ಕ್ರಿ.ಶ. 1947-48 ಎಂದು ಲೆಕ್ಕ ಹಾಕಿ ತಿಳಿಯಬೇಕಿತ್ತು. ಹಳೆಯ ಸಂಬಳಗಳು ಹಾಲಿ ಸಿಕ್ಕಾ ರೂಪಾಯಿಯಲ್ಲಿದ್ದವು. ಅಂತಹ ಏಳು ರೂಪಾಯಿ ಬ್ರಿಟಿಷ್ ಇಂಡಿಯಾದ ಆರು ರೂಪಾಯಿಗೆ ಸಮ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮದಲ್ಲಿ ಪದವಿ ಪಡೆದವರ ಪಕ್ಕದಲ್ಲಿ ಮೈಸೂರು, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳ ಪದವೀಧರರು ಕುಳಿತಿದ್ದರು. ಇವರೆಲ್ಲರನ್ನೂ ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ ಕೂರಿಸಬೇಕಿತ್ತು.

ಆಗ ಏನು ಮಾಡಿದರು ಎಂಬುದು ಗಮನಾರ್ಹ. ರಾಜ್ಯಗಳ ಪುನರ್ವಿಂಗಡಣೆಯ ಮುನ್ನವೇ, 1956ರ ಮೇ ತಿಂಗಳಲ್ಲಿ, ಮುಂಬಯಿಯಲ್ಲಿ ಸೇರಿದ ಮುಖ್ಯ ಕಾರ್ಯದರ್ಶಿಗಳ ಸಮ್ಮೇಳನವು ಹುದ್ದೆಗಳನ್ನು ಸಮೀಕರಿಸಲು ನಾಲ್ಕು ಮಾನದಂಡಗಳನ್ನು ಗೊತ್ತುಪಡಿಸಿತು. ಮೊದಲನೆಯದು, ಹುದ್ದೆಯ ಸ್ವರೂಪ ಮತ್ತು ಕರ್ತವ್ಯಗಳು. ಎರಡನೆಯದು, ಆ ಹುದ್ದೆಯಲ್ಲಿದ್ದವನ ಹೊಣೆ, ಅಧಿಕಾರ ಮತ್ತು ಅವನ ಕೈಕೆಳಗಿನ ಪ್ರದೇಶದ ವ್ಯಾಪ್ತಿ. ಮೂರನೆಯದು, ನೇಮಕಾತಿಗೆ ಬೇಕಾಗಿದ್ದ ಕನಿಷ್ಠ ವಿದ್ಯಾರ್ಹತೆ. ನಾಲ್ಕನೆಯದು, ಸಂಬಳ. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಮನುಷ್ಯನು ಏನು ಕೆಲಸ ಮಾಡುತ್ತಿದ್ದನು ಎಂಬುದು ಮೊದಲು. ಎಷ್ಟು ಹಣ ಪಡೆಯುತ್ತಿದ್ದನು ಎಂಬುದು ಕೊನೆಗೆ. ಎಲ್ಲಿ ಮಾಡುತ್ತಿದ್ದನು, ಯಾವ ಭಾಷೆಯಲ್ಲಿ ಮಾಡುತ್ತಿದ್ದನು ಎಂಬುದಕ್ಕೆ ಆ ಪಟ್ಟಿಯಲ್ಲಿ ಸ್ಥಾನವೇ ಇರಲಿಲ್ಲ.

ಇದರಿಂದ ಎಲ್ಲರಿಗೂ ಸಮಾಧಾನವಾಯಿತೆಂದಲ್ಲ. ಜ್ಯೇಷ್ಠತೆಯ ವ್ಯಾಜ್ಯಗಳು ಅನೇಕ ವರ್ಷ ನ್ಯಾಯಾಲಯಗಳಲ್ಲಿ ನಡೆದವು. ಆದರೆ ಅನ್ಯಾಯವಾಯಿತೆಂದು ಭಾವಿಸಿದವನಿಗೆ ವಾದಿಸಲು ಒಂದು ಆಧಾರವಿತ್ತು, ಆಲಿಸಲು ಒಂದು ಪೀಠವಿತ್ತು. ಈ ಮಾನದಂಡಗಳ ಆಯುಸ್ಸು ಆ ಕಾಲಕ್ಕೇ ಮುಗಿಯಲಿಲ್ಲ. ಗಡಿ ಭದ್ರತಾ ಪಡೆಯಿಂದ ದೆಹಲಿ ಪೊಲೀಸಿಗೆ ಬಂದವರ ಹಿಂದಿನ ಸೇವೆಯನ್ನು ಎಣಿಸಬೇಕೇ ಎಂಬ ಪ್ರಶ್ನೆ ಬಂದಾಗ, 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇವುಗಳನ್ನೇ ಆಶ್ರಯಿಸಿ, ಸಂಬಳದ ವ್ಯತ್ಯಾಸವೊಂದರಿಂದಲೇ ಹುದ್ದೆಗಳು ಅಸಮವಾಗುವುದಿಲ್ಲವೆಂದೂ ಸಮಾನ ಹುದ್ದೆಯ ಹಿಂದಿನ ಸೇವೆಯನ್ನು ಜ್ಯೇಷ್ಠತೆಗೆ ಎಣಿಸಬೇಕೆಂದೂ ತೀರ್ಪಿತ್ತಿತು.

ಕಡಲಾಚೆಯ ತಕ್ಕಡಿ

ಈಗ ಕಡಲಾಚೆಯ ಸ್ಥಿತಿಯನ್ನು ನೋಡೋಣ. ಅಲ್ಲಿ ಖಾಸಗಿ ಉದ್ಯೋಗದಾತನ ಮುಂದೆ ಬರುವುದು ಸೇವಾ ಪುಸ್ತಕವಲ್ಲ, ಒಂದೆರಡು ಪುಟಗಳ ಸ್ವವಿವರ ಪತ್ರ. ನಾವು ರೂಢಿಯಲ್ಲಿ ಬಯೋಡಾಟಾ ಎನ್ನುವ ಕಾಗದ. ಮಾನದಂಡವನ್ನು ಮುಂಚಿತವಾಗಿ ಯಾರೂ ಗೊತ್ತುಪಡಿಸಿರುವುದಿಲ್ಲ.

ಕೆನಡಾ ದೇಶವು 1967ರಿಂದ ವಲಸೆಗಾರರನ್ನು ಅಂಕಗಳ ಆಧಾರದ ಮೇಲೆ ಆರಿಸಿಕೊಳ್ಳುತ್ತಿದೆ. ವಿದ್ಯೆ, ಭಾಷೆ, ಉದ್ಯೋಗಾನುಭವ ಇವುಗಳಿಗೆ ಅಂಕ ಕೊಟ್ಟು, ಯೋಗ್ಯನೆಂದು ಕಂಡವನನ್ನೇ ಬರಮಾಡಿಕೊಳ್ಳುತ್ತದೆ. ಹಾಗೆ ಸರ್ಕಾರವೇ ಯೋಗ್ಯನೆಂದು ಒಪ್ಪಿದವನು ಅಲ್ಲಿಗೆ ಹೋದ ಮೇಲೆ ಉದ್ಯೋಗಕ್ಕಾಗಿ ಏಕೆ ಪರದಾಡಬೇಕು? ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೊಪೌಲಸ್ ಅವರು ಇದನ್ನು ಪರೀಕ್ಷಿಸಲು ಸುಮಾರು 13,000 ಸ್ವವಿವರ ಪತ್ರಗಳನ್ನು ಸಿದ್ಧಪಡಿಸಿ, ಟೊರಾಂಟೊ ಪ್ರದೇಶದ ಉದ್ಯೋಗ ಪ್ರಕಟಣೆಗಳಿಗೆ ಕಳುಹಿಸಿ, 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪತ್ರಗಳಲ್ಲಿದ್ದ ಅಭ್ಯರ್ಥಿಗಳು ಕಲ್ಪಿತರು. ಹೆಸರು, ಓದಿದ ದೇಶ, ದುಡಿದ ದೇಶ ಮುಂತಾದವುಗಳನ್ನು ಬದಲಿಸಲಾಗಿತ್ತು. ಆಂಗ್ಲ ಹೆಸರಿನವರಿಗಿಂತ ಭಾರತೀಯ, ಪಾಕಿಸ್ತಾನಿ, ಚೀನೀ, ಗ್ರೀಕ್ ಹೆಸರಿನವರಿಗೆ ಸಂದರ್ಶನದ ಕರೆ ಕಡಿಮೆ ಬಂದಿತು. ಅನುಭವವೂ ಹೊರದೇಶದ್ದಾದರೆ ಇನ್ನೂ ಕಡಿಮೆಯಾಯಿತು. ಬಹುರಾಷ್ಟ್ರೀಯ ಸಂಸ್ಥೆಯಲ್ಲಿ ದುಡಿದಿದ್ದೇನೆ, ಪ್ರಖ್ಯಾತ ವಿದ್ಯಾಲಯದಲ್ಲಿ ಓದಿದ್ದೇನೆ, ಭಾಷೆಯಲ್ಲಿ ಪ್ರವೀಣನಿದ್ದೇನೆ ಎಂದು ಬರೆದಿದ್ದರೂ ಈ ಅಂತರ ತಗ್ಗಲಿಲ್ಲ. ಕಾರಣವನ್ನು ಕೇಳಿದಾಗ ನೇಮಕಾತಿ ಮಾಡುವವರು ಭಾಷೆಯ ಕೊರತೆಯ ಶಂಕೆಯನ್ನು ಮುಂದಿಟ್ಟರು; ಆ ಶಂಕೆಯನ್ನು ನಿವಾರಿಸುವ ಸಾಲು ಅದೇ ಕಾಗದದಲ್ಲಿದ್ದರೂ ಅದಕ್ಕೆ ತಕ್ಕ ಬೆಲೆ ಕೊಡಲಿಲ್ಲ.

ಇದರಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು ಅಪರಿಚಯ, ಇನ್ನೊಂದು ಪೂರ್ವಗ್ರಹ. ನೂರಾರು ಅರ್ಜಿಗಳ ಮುಂದೆ ಕುಳಿತವನಿಗೆ ಪರಿಚಿತ ಕಂಪನಿಯ ಹೆಸರು ಕಂಡರೆ ಕೆಲಸ ಸುಲಭ. ದೂರದ ಊರಿನವರ ಮಾತನ್ನು ವಿಚಾರಿಸಿ ತಿಳಿಯಬೇಕಾದರೆ ಸಮಯ ಬೇಕು. ಆ ಶ್ರಮ ಬೇಡವೆಂದು ಅವನು ಕಾಗದವನ್ನು ಬದಿಗಿರಿಸುತ್ತಾನೆ. ಅನುಭವವು ಕೀಳೆಂದು ತೂಗಿ ನೋಡಿ ತಿರಸ್ಕರಿಸಿದ್ದಲ್ಲ. ತಕ್ಕಡಿಗೆ ಹಾಕದೆಯೇ ತಿರಸ್ಕರಿಸಿದ್ದು. ಮೊದಲ ಉದ್ಯೋಗ ದೊರೆಯದೆ ಅಲ್ಲಿಯ ಅನುಭವ ಬಾರದು, ಅಲ್ಲಿಯ ಅನುಭವವಿಲ್ಲದೆ ಮೊದಲ ಉದ್ಯೋಗ ದೊರೆಯದು ಎಂಬ ಸುಳಿಯಲ್ಲಿ ಹೋದವನು ಸಿಲುಕುತ್ತಾನೆ.

ಆ ದೇಶದವರೇ ಈ ದೋಷವನ್ನು ಗುರುತಿಸಿದರೆಂಬುದು ಸಮಾಧಾನದ ವಿಷಯ. ಒಂಟಾರಿಯೊ ಪ್ರಾಂತದ ಮಾನವ ಹಕ್ಕುಗಳ ಆಯೋಗವು 2013ರಲ್ಲಿ, ಕೆನಡಾದ ಅನುಭವವೇ ಬೇಕೆಂಬ ಷರತ್ತು ಮೇಲ್ನೋಟಕ್ಕೇ ತಾರತಮ್ಯವೆಂದು ಸಾರಿತು. ಅಲ್ಲಿಯ ವೃತ್ತಿಪರ ಇಂಜಿನಿಯರುಗಳ ಸಂಸ್ಥೆಯು ಪರವಾನಗಿಗೆ ಬೇಕಾದ 48 ತಿಂಗಳ ಅನುಭವದಲ್ಲಿ 12 ತಿಂಗಳಾದರೂ ಕೆನಡಾದಲ್ಲಿ ಆಗಿರಬೇಕೆಂಬ ನಿಯಮವನ್ನು 2023ರ ಮೇ ತಿಂಗಳಲ್ಲಿ ಕೈಬಿಟ್ಟಿತು. ಉದ್ಯೋಗ ಪ್ರಕಟಣೆಗಳಲ್ಲಿ ಇಂತಹ ಷರತ್ತನ್ನು ನಿಷೇಧಿಸುವ ಪ್ರಾಂತೀಯ ಕಾನೂನು 2024ರಲ್ಲಿ ರಚಿತವಾಗಿ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದರೆ ಕಾನೂನು ಪ್ರಕಟಣೆಯ ಸಾಲನ್ನು ಅಳಿಸಬಲ್ಲದು. ಓದುವವನ ಮನಸ್ಸಿನಲ್ಲಿರುವ ಸಾಲನ್ನು ಅಳಿಸಲು ಓದಲು ಯೋಗ್ಯವಾದ ದಾಖಲೆಯೂ ಬೇಕು.

ಕಾಗದದ ಬಡತನ

ಇಲ್ಲಿ ನಮ್ಮ ಕಡೆಯ ಕೊರತೆಯನ್ನೂ ನೋಡಿಕೊಳ್ಳಬೇಕು. ನಮ್ಮಲ್ಲಿ ಕೊಡುವ ಅನುಭವ ಪತ್ರವು ಸಾಮಾನ್ಯವಾಗಿ ಮೂರು ಸಾಲಿನದು: ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿ ಸೇವೆ ಸಲ್ಲಿಸಿದ್ದಾರೆ, ಅವರ ನಡತೆ ತೃಪ್ತಿಕರವಾಗಿದೆ, ಅವರಿಗೆ ಶುಭವಾಗಲಿ. ಇದರಲ್ಲಿ ಮೇಲೆ ಹೇಳಿದ ನಾಲ್ಕು ಮಾನದಂಡಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಕೆನಡಾದ ವಲಸೆ ಇಲಾಖೆಯು ಕೇಳುವ ಪತ್ರದಲ್ಲಿ ಹುದ್ದೆ, ಕರ್ತವ್ಯಗಳ ವಿವರ, ವಾರಕ್ಕೆ ದುಡಿದ ಗಂಟೆಗಳು, ಸಂಬಳ ಎಲ್ಲವೂ ಇರಬೇಕು.

ಉದಾಹರಣೆಗೆ, ನಮ್ಮ ಜಿಲ್ಲೆಯ ಶಕ್ತಿನಗರದಂತಹ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಎಂಟು ವರ್ಷ ದುಡಿದ ಒಬ್ಬ ಇಂಜಿನಿಯರನನ್ನು ಊಹಿಸಿಕೊಳ್ಳೋಣ. ಅವನು ತನ್ನ ಸ್ವವಿವರ ಪತ್ರದಲ್ಲಿ ಹುದ್ದೆಯ ಹೆಸರನ್ನೂ ವರ್ಷಗಳನ್ನೂ ಮಾತ್ರ ಬರೆದರೆ ದೂರದೇಶದವನಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು, 210 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಘಟಕದ ಬಾಯ್ಲರ್ ನಿರ್ವಹಣೆ, ಒಂದು ಪಾಳಿಯಲ್ಲಿ ಕೈಕೆಳಗಿದ್ದ ಜನರ ಸಂಖ್ಯೆ, ಪಾಲಿಸಿದ ಸುರಕ್ಷತಾ ಕ್ರಮ, ವಾರ್ಷಿಕ ದುರಸ್ತಿಯಲ್ಲಿ ತಾನು ಹೊತ್ತ ಹೊಣೆ ಇವುಗಳನ್ನು ಬರೆದು, ಮೇಲಧಿಕಾರಿಯಿಂದ ದೃಢೀಕರಿಸಿದ ಪತ್ರವನ್ನೂ ಲಗತ್ತಿಸಿದರೆ, ಜಗತ್ತಿನ ಯಾವ ವಿದ್ಯುತ್ ಕೇಂದ್ರದವನಾದರೂ ಅದನ್ನು ತನ್ನ ಘಟಕದೊಡನೆ ಹೋಲಿಸಬಲ್ಲ. ಮೆಗಾವ್ಯಾಟಿಗೆ ದೇಶವಿಲ್ಲ.

ಕಾಗದವೇ ಇಲ್ಲದವರ ಸ್ಥಿತಿ ಇನ್ನೂ ಕಠಿಣ. ಬೇಸಿಗೆ ಬಂದೊಡನೆ ದೇವದುರ್ಗ, ಮಾನ್ವಿ ಕಡೆಯ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಹದಿನೈದು ವರ್ಷ ಗೋಡೆ ಕಟ್ಟಿದ ಗೌಂಡಿಯ ಕೈಯಲ್ಲಿ ಅದನ್ನು ಹೇಳುವ ಒಂದು ಚೀಟಿಯೂ ಇರುವುದಿಲ್ಲ. ಹೊಸ ಗುತ್ತೇದಾರನ ಬಳಿಗೆ ಹೋದಾಗಲೆಲ್ಲ ಹೊಸಬನೇ ಆಗುತ್ತಾನೆ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಕೌಶಲ ವಿಕಾಸ ಯೋಜನೆಯಡಿ, ಕೆಲಸದಿಂದಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪೂರ್ವಕಲಿಕಾ ಮಾನ್ಯತೆಯ ವ್ಯವಸ್ಥೆ ಬಂದುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

ನಮ್ಮ ಹೊಣೆ

ಇಷ್ಟರಿಂದ ನಾವು ಕಲಿಯಬೇಕಾದುದೇನು? ಶಿಕ್ಷಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಜನ್ಮದಿನಾಂಕ ಇವು ಶಾಲೆಯ ದಾಖಲೆಯಲ್ಲಿ ಮೊದಲ ದಿನ ಹೇಗೆ ಬರೆಯಲ್ಪಡುತ್ತವೆಯೋ ಹಾಗೆಯೇ ಮುಂದಿನ ಎಲ್ಲ ಕಾಗದಗಳಲ್ಲೂ ಸಾಗುತ್ತವೆ. ಅಂಕಪಟ್ಟಿಯಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯ ಹೆಸರಿದ್ದರೆ, ಮೊದಲೇ ಶಂಕಿಸುವ ಪರದೇಶದವನಿಗೆ ನಾವೇ ಕಾರಣ ಒದಗಿಸಿದಂತಾಗುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ಹೊರನಾಡಿನಲ್ಲಿ ನೆಲೆಯೂರಿದವರು ಹೊಸದಾಗಿ ಬಂದ ತರುಣನ ಪತ್ರವನ್ನು ಅಲ್ಲಿಯ ಉದ್ಯೋಗದಾತನಿಗೆ ಅರ್ಥವಾಗುವಂತೆ ತಿದ್ದಿಕೊಟ್ಟು, ಅವನ ಕೆಲಸದ ವಿಷಯವಾಗಿ ಒಂದು ಮಾತು ಹೇಳಿದರೆ, ಅದು ಹಣದ ಸಹಾಯಕ್ಕಿಂತ ಮಿಗಿಲಾದುದು.

ದಾನಿಗಳಲ್ಲಿಯೂ ಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿಯೂ ಮೂರನೆಯ ವಿನಂತಿ. ನಾವೂ ಉದ್ಯೋಗದಾತರೇ. ಕೊಲ್ಲಿಯಲ್ಲಿ ಹನ್ನೆರಡು ವರ್ಷ ದುಡಿದು ಊರಿಗೆ ಮರಳಿದ ವಿದ್ಯುತ್ ಕೆಲಸಗಾರನಿಗೆ, ಪಕ್ಕದ ತೆಲಂಗಾಣದ ಶಾಲೆಯಲ್ಲಿ ಗಣಿತ ಕಲಿಸಿ ಬಂದ ಶಿಕ್ಷಕಿಗೆ, ಇಲ್ಲಿಯ ಅನುಭವ ಇದೆಯೇ ಎಂದು ನಾವು ಕೇಳುವುದಿಲ್ಲವೇ? ಟೊರಾಂಟೊದಲ್ಲಿ ನಮ್ಮ ಮಕ್ಕಳಿಗೆ ನೋವುಂಟುಮಾಡುವ ಪ್ರಶ್ನೆ ರಾಯಚೂರಿನಲ್ಲಿ ನ್ಯಾಯವಾಗಲಾರದು. ನಮ್ಮ ಸಂದರ್ಶನ ಸಮಿತಿಗಳು 1956ರ ಆ ನಾಲ್ಕು ಮಾನದಂಡಗಳನ್ನು ಮೇಜಿನ ಮೇಲಿರಿಸಿಕೊಂಡು, ಏನು ಮಾಡಿದ್ದೀರಿ, ಯಾವ ಹೊಣೆ ಹೊತ್ತಿದ್ದಿರಿ ಎಂದು ಮೊದಲು ಕೇಳಲಿ. ನಮ್ಮಲ್ಲಿ ದುಡಿದು ಹೋಗುವ ಪ್ರತಿಯೊಬ್ಬರಿಗೂ, ಶಿಕ್ಷಕರಿಂದ ಅಡುಗೆಯವರವರೆಗೆ, ಅವರು ಮಾಡಿದ ಕೆಲಸವನ್ನು ವಿವರಿಸುವ ಪತ್ರವನ್ನು ಕೊಟ್ಟು ಕಳುಹಿಸಲಿ. ಅದಕ್ಕೆ ತಗಲುವುದು ಒಂದು ಹಾಳೆ ಕಾಗದ ಮತ್ತು ಅರ್ಧ ಗಂಟೆಯ ಸಮಯ. ಅದರಿಂದ ಉಳಿಯುವುದು ಒಬ್ಬ ಮನುಷ್ಯನ ಹತ್ತು ವರ್ಷಗಳ ದುಡಿಮೆ.