ಫರಸಿ ಕಲ್ಲಿನ ಸೀಮೆಯ ಅಗ್ಗದ ಊಟ

ಪರ ಊರಿನವರು ನಿತ್ಯ ಬಂದು ಹೋಗುವ ಊರಿನಲ್ಲಿ ಅಗ್ಗದ ಊಟ ಯಾವುದಾಗಬೇಕೆಂಬುದನ್ನು ನಾಲಿಗೆಗಿಂತ ಹೆಚ್ಚಾಗಿ ಅಲ್ಲಿನ ಬಾಡಿಗೆ, ಸಾಗಣೆ ಮತ್ತು ಒಲೆ ನಿರ್ಧರಿಸುತ್ತವೆ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟಕ್ಕೆ ಹೆಸರಾದ ಗಿರಿಪಟ್ಟಣಗಳು ಇದಕ್ಕೆ ಒಳ್ಳೆಯ ಉದಾಹರಣೆ. 1956ರಲ್ಲಿಯೂ 2026ರಲ್ಲಿಯೂ ಚಳಿಗಾಲದ ಒಲಿಂಪಿಕ್ಸ್ ಸ್ಪರ್ಧೆಗಳು ನಡೆದ ಇಟಲಿಯ ಕೊರ್ತಿನಾ ದಾಂಪೆಟ್ಸೊದಂಥ ಊರಿನಲ್ಲಿ ಕೋಣೆಯ ಬಾಡಿಗೆ, ಆಟದ ಸಲಕರಣೆ, ಬೆಟ್ಟ ಹತ್ತಿಸುವ ರೋಪ್‌ವೇ ಟಿಕೆಟ್ಟುಗಳಿಗೆ ಹಣ ಸುರಿದ ಪ್ರವಾಸಿಯ ಜೇಬಿನಲ್ಲಿ ಉಳಿಯುವ ಚಿಲ್ಲರೆಗೆ ಹೊಂದುವ ಊಟವೆಂದರೆ ಪಿಜ್ಜಾ. ಹಿಮದ ಮಾತಿರಲಿ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಗೂ ಇದೇ ಪ್ರಶ್ನೆಯುಂಟು. ಆಟಕ್ಕಲ್ಲ, ಹೊಟ್ಟೆಪಾಡಿಗಾಗಿ ಬಂದವರು ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬ ಏನು ಉಣ್ಣಬೇಕೆಂಬ ಆ ಪ್ರಶ್ನೆಗೆ ಇಲ್ಲಿ ಬಹುಕಾಲದಿಂದ ಸಿಕ್ಕಿರುವ ಉತ್ತರ ಜೋಳದ ರೊಟ್ಟಿ.

ಪಿಜ್ಜಾ ಅಗ್ಗವಾಗುವ ಬಗೆಯನ್ನು ಮೊದಲು ನೋಡಬೇಕು. ನೇಪಲ್ಸ್ ಬಂದರಿನ ಬಡವರು ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ಈ ತಿನಿಸಿಗೆ ಬೇಕಾದ ಹಿಟ್ಟು ಮತ್ತು ಡಬ್ಬಿಯ ಟೊಮೆಟೊ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ಅವನ್ನು ಬೆಟ್ಟದ ಮೇಲಕ್ಕೆ ಒಮ್ಮೆಗೇ ಸಾಗಿಸಿಡಬಹುದು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಗುಣದ ಪ್ರೋಟೀನು ಇರುವುದರಿಂದ ನಾದಿದ ಕಣಕ ರಬ್ಬರಿನಂತೆ ಹಿಗ್ಗುತ್ತದೆ, ಹುದುಗಿನ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಂಪು ಪೆಟ್ಟಿಗೆಯಲ್ಲಿ ಒಂದೆರಡು ದಿನ ಕಾಯುತ್ತದೆ. ನೇಪಲ್ಸ್ ಪದ್ಧತಿಯ ಕಟ್ಟಿಗೆಯ ಒಲೆಯಲ್ಲಿ ಶಾಖ 430 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಒಂದು ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೇಯುತ್ತದೆ. ಒಬ್ಬನೇ ಬಾಣಸಿಗ, ಒಂದೇ ಒಲೆ, ಗಂಟೆಗೆ ಹತ್ತಾರು ಗಿರಾಕಿಗಳು. ಈ ಕೈಚಳಕವನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೈಚಳಕವಿಲ್ಲದೆಯೂ ಕೆಲಸ ನಡೆಯುತ್ತದೆಂಬುದೇ ಪಿಜ್ಜಾದ ನಿಜವಾದ ಬಲ: ಕಣಕವನ್ನು ಒಂದು ಕಡೆ ಯಂತ್ರದಿಂದ ಮಾಡಿ ಊರೂರಿಗೆ ಹಂಚಿದರೂ ಅದು ಪಿಜ್ಜಾ ಆಗಿಯೇ ಉಳಿಯುತ್ತದೆ. 1996ರಲ್ಲಿ ಬೆಂಗಳೂರಿನಲ್ಲಿ ಪಿಜ್ಜಾ ಹಟ್ ತನ್ನ ಮೊದಲ ಭಾರತೀಯ ಅಂಗಡಿ ತೆರೆದದ್ದು ಈ ಬಲದಿಂದಲೇ.

ಇನ್ನು ಫರಸಿ ಕಲ್ಲಿನ ಸೀಮೆಗೆ ಬರಬಹುದು. ಇಲ್ಲಿನ ನೆಲದಡಿ ಪದರಪದರವಾಗಿ ಕೂತ ಸುಣ್ಣದ ಕಲ್ಲೇ ಈ ಊರುಗಳ ಅನ್ನದಾತ. ಹಲಗೆಯಂತೆ ಸೀಳಿಬರುವ ಈ ಫರಸಿ ಕಲ್ಲು ‘ಶಹಾಬಾದ ಕಲ್ಲು’ ಎಂಬ ಹೆಸರಿನಲ್ಲಿ ದಕ್ಷಿಣ ಭಾರತದ ಎಷ್ಟೋ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲವಾಗಿದೆ. ಚಿತ್ತಾಪುರ ಸೀಮೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಸಾಮ್ರಾಟ ಅಶೋಕನ ಹೆಸರು ಕೊರೆದ ಉಬ್ಬುಚಿತ್ರ ಸಿಕ್ಕ ಬೌದ್ಧ ಸ್ತೂಪದ ಫಲಕಗಳೂ ಸುಣ್ಣದ ಕಲ್ಲಿನವೇ. ಅದೇ ಕಲ್ಲನ್ನು ಪುಡಿಮಾಡಿ, ತಿರುಗುವ ಕೊಳವೆಯಾಕಾರದ ಕುಲುಮೆಯಲ್ಲಿ ಸುಮಾರು 1,450 ಡಿಗ್ರಿ ಶಾಖಕ್ಕೆ ಕಾಯಿಸಿದರೆ ಸಿಮೆಂಟಿನ ಮೂಲವಸ್ತು ಸಿದ್ಧವಾಗುತ್ತದೆ. ಶಹಾಬಾದ, ವಾಡಿ, ಸೇಡಂ ಮತ್ತು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಹೀಗೆ. ಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲವಾದ್ದರಿಂದ ಕಾರ್ಖಾನೆ ಮೂರು ಪಾಳಿಗಳಲ್ಲಿ ನಡೆಯುತ್ತದೆ, ಪಾಳಿಗೊಮ್ಮೆ ಹಸಿದವರ ಒಂದು ಗುಂಪು ಗೇಟಿನಿಂದ ಹೊರಬೀಳುತ್ತದೆ.

ರೈಲಿನ ಪಾಲೂ ಇದರಲ್ಲಿದೆ. ಮುಂಬೈಯಿಂದ ಶಹಾಬಾದ ಹಾಯ್ದು ರಾಯಚೂರಿನತ್ತ ಸಾಗುವ ಹಳಿಯಿಂದ ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೋಗುವ ಮಾರ್ಗವನ್ನು ನಿಜಾಮರ ಹಣದಿಂದ ನಿರ್ಮಿಸಿ 1874ರಲ್ಲಿ ತೆರೆಯಲಾಯಿತು. ಐದು ಊರುಗಳಲ್ಲಿ ಚಿಂಚೋಳಿಯೊಂದಕ್ಕೆ ಮಾತ್ರ ಇಂದಿಗೂ ರೈಲಿಲ್ಲ. ಗಾಡಿ ಬದಲಿಸುವವರು, ಲಾರಿಯವರು, ಗಣಿಯ ಕೂಲಿಗಳು, ಬಿಹಾರ ಮತ್ತು ಒಡಿಶಾ ಕಡೆಯಿಂದ ಬಂದ ಗುತ್ತಿಗೆ ಕಾರ್ಮಿಕರು, ವರ್ಗವಾಗಿ ಬಂದು ಸಂಸಾರವನ್ನು ಊರಲ್ಲೇ ಬಿಟ್ಟ ಸರ್ಕಾರಿ ನೌಕರರು: ಇವರೆಲ್ಲರ ಊಟದ ಮನೆ ಖಾನಾವಳಿ. ಮರಾಠಿಯ ‘ಖಾಣಾವಳ’ದಿಂದ ಬಂದ ಈ ಮಾತಿಗೆ ಊಟಕ್ಕೆ ಒಂದೇ ದರ ನಿಗದಿಯಾಗಿರುವ, ಬಹುಪಾಲು ಒಂದು ಕುಟುಂಬವೇ ನಡೆಸುವ ಊಟದ ಮನೆಯೆಂದು ಅರ್ಥ. ಫಲಕದಲ್ಲಿ ‘ಲಿಂಗಾಯತ ಖಾನಾವಳಿ’ ಎಂದಿದ್ದರೆ ಅದು ಸಸ್ಯಾಹಾರದ ಖಾತರಿಯೆಂದು ಯಾವ ಜಾತಿಯ ಗಿರಾಕಿಯೂ ತಿಳಿದುಕೊಳ್ಳುತ್ತಾನೆ.

ತಾಟಿನಲ್ಲಿ ಮೊದಲು ಬೀಳುವುದು ಎರಡು ರೊಟ್ಟಿ. ಪಕ್ಕದಲ್ಲಿ ಹುಳಿಸೊಪ್ಪಿಗೆ ಬೇಳೆ, ಜೋಳದ ನುಚ್ಚು ಬೆರೆಸಿ ಬೇಯಿಸಿದ ಪುಂಡಿ ಪಲ್ಯ, ಇಲ್ಲವೇ ಕಡಲೆಹಿಟ್ಟಿನ ಝುಣಕ. ಎಣ್ಣೆಗಾಯಿ ಬದನೆ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಬಟ್ಟಲಲ್ಲಿ ತೊಗರಿ ಬ್ಯಾಳಿ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಇಂಥ ಸೀಮೆಯ ಬೆಳೆಗೆ ಮಾತ್ರ ಇಂಥ ಹೆಸರು ಸಲ್ಲಬೇಕೆಂಬ ಕಾನೂನಿನ ರಕ್ಷಣೆ, ದೊರೆತಿದೆ. ‘ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ’ ಎಂದು ಬಡಿಸುವವನು ಕೇಳುವುದು ಉಪಚಾರದ ಮಾತಲ್ಲ, ಕೊಟ್ಟ ದರದಲ್ಲಿ ಅದೂ ಸೇರಿದೆ ಎಂಬ ಲೆಕ್ಕ. ಪಿಜ್ಜಾದಲ್ಲಿ ಮೇಲೋಗರ ರೊಟ್ಟಿಯ ಮೇಲೆ ಕೂತರೆ ಇಲ್ಲಿ ರೊಟ್ಟಿ ಮುರಿದು ಮೇಲೋಗರವನ್ನು ಎತ್ತಿಕೊಳ್ಳಬೇಕು; ಮಿಕ್ಕಂತೆ ಎರಡೂ ಊಟಗಳ ಲೆಕ್ಕಾಚಾರ ಒಂದೇ, ಹಿಟ್ಟು ಹೆಚ್ಚು, ಪಲ್ಯ ಹದ.

ವ್ಯತ್ಯಾಸ ಶುರುವಾಗುವುದು ಹಿಟ್ಟಿನಲ್ಲಿ. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ನಾದಿದರೆ ಅದು ಒಡೆದ ಮಣ್ಣಿನಂತೆ ಉದುರುತ್ತದೆಯೇ ಹೊರತು ಹಿಗ್ಗುವುದಿಲ್ಲ. ಆದ್ದರಿಂದ ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಸುರಿಯುತ್ತಾರೆ. ಬಿಸಿಗೆ ಹಿಟ್ಟಿನೊಳಗಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಇದಕ್ಕೆ ಜಿಗಿ ಬರುವುದು ಎನ್ನುತ್ತಾರೆ. ಹೊಸ ಜೋಳಕ್ಕೆ ಜಿಗಿ ಹೆಚ್ಚು, ಹಳತಾದ ಹಿಟ್ಟಿಗೆ ಕಡಿಮೆ. ಬೀಸಿ ಬಹಳ ದಿನವಾದ ಹಿಟ್ಟಿನ ರೊಟ್ಟಿಯ ಅಂಚು ಒಡೆಯುತ್ತದೆ. ಅಂಗೈ ಸುಡುವ ಆ ಮುದ್ದೆಯನ್ನು ಮಿದ್ದು, ಉಂಡೆ ಮಾಡಿ, ಒಣಹಿಟ್ಟು ಉದುರಿಸಿದ ಕಟ್ಟಿಗೆಯ ಮಣೆಯ ಮೇಲೋ ಅಡುಗೆಕಟ್ಟೆಯ ಶಹಾಬಾದ ಕಲ್ಲಿನ ಮೇಲೋ ಇಟ್ಟು ಬಲಗೈಯಿಂದ ಬಡಿಯುತ್ತ ಹೋದಂತೆ ಅದು ಬಡಿತಕ್ಕೊಮ್ಮೆ ತುಸು ತಿರುಗಿ ತಾನಾಗಿ ದುಂಡಗೆ ಹರಡುತ್ತದೆ. ‘ರೊಟ್ಟಿ ಬಡಿಯುವುದು’ ಎಂಬ ಮಾತು ಬಂದದ್ದು ಈ ಸಪ್ಪಳದಿಂದ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಒಣಹಿಟ್ಟು ಆ ನೀರನ್ನು ಹೀರಿ ಪದರವನ್ನು ಬಿಗಿಯಾಗಿಸುತ್ತದೆ, ಮಗುಚಿ ಬೇಯಿಸಿ ಕೆಂಡಕ್ಕೆ ಒಡ್ಡಿದಾಗ ಒಳಗಿನ ಹಬೆ ಎರಡು ಪದರಗಳನ್ನು ಬೇರ್ಪಡಿಸಿ ರೊಟ್ಟಿಯನ್ನು ಉಬ್ಬಿಸುತ್ತದೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಇಲ್ಲಿ ಬಿಸಿನೀರು, ಒದ್ದೆ ಬಟ್ಟೆ ಮತ್ತು ಅಂಗೈ ಹಂಚಿಕೊಂಡಿವೆ.

ಆದುದರಿಂದಲೇ ರೊಟ್ಟಿಯ ಕಣಕವನ್ನು ಮಾಡಿ ಇಡಲು ಬರುವುದಿಲ್ಲ, ಪೆಟ್ಟಿಗೆಯಲ್ಲಿ ತುಂಬಿ ಬೇರೆ ಊರಿಗೆ ಕಳಿಸಲು ಬರುವುದಿಲ್ಲ. ಜೋಳದ ರೊಟ್ಟಿಯ ಸರಣಿ ಅಂಗಡಿಗಳು ದೇಶದ ತುಂಬ ಹುಟ್ಟದಿರುವುದಕ್ಕೆ ರುಚಿಯ ಕೊರತೆ ಕಾರಣವಲ್ಲ. ದೂರ ಹೋಗಬಲ್ಲದ್ದು ಒಣಗಿಸಿದ ಕಡಕ್ ರೊಟ್ಟಿ ಮಾತ್ರ. ಹಪ್ಪಳದಂತೆ ತೆಳ್ಳಗೆ ಬಡಿದು, ನೀರಿನ ಅಂಶವೆಲ್ಲ ಹೋಗುವಂತೆ ಬೇಯಿಸಿ ಒಣಗಿಸಿದ ಈ ರೊಟ್ಟಿ ತಿಂಗಳಾದರೂ ಕೆಡದಿರುವುದರಿಂದ ಪುಣೆ, ಮುಂಬೈ, ಬೆಂಗಳೂರುಗಳಿಗೆ ದುಡಿಯಲು ಹೋಗುವ ಈ ಸೀಮೆಯವರ ಗಂಟಿನಲ್ಲಿ ಅದು ಇದ್ದೇ ಇರುತ್ತದೆ.

ರೊಟ್ಟಿ ಅಗ್ಗವಾಗಿರುವುದು ಜೋಳ ಅಗ್ಗವಾಗಿರುವುದರಿಂದ ಎಂಬ ನಂಬಿಕೆಯನ್ನು ಮಾತ್ರ ಈಗ ಕೈಬಿಡಬೇಕು. 2024-25ರ ಸಾಲಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ 2,300 ರೂಪಾಯಿಯಾದರೆ, ಬಿಳಿಜೋಳದ ಹೆಸರಾಂತ ತಳಿಯಾದ ಮಾಲ್ದಂಡಿಗೆ 3,421 ರೂಪಾಯಿ. ಕರಿ ಎರೆಮಣ್ಣಿನಲ್ಲಿ ಹಿಂಗಾರಿಗೆ ಬಿತ್ತುವ ಜೋಳದ ಜಾಗವನ್ನು ತೊಗರಿ ಆವರಿಸುತ್ತ ಬಂದಿದೆ, ಪಡಿತರದ ಅಕ್ಕಿ ಮನೆಮನೆಗೆ ಬಂದಿದೆ. ಬಡವರ ಧಾನ್ಯವೆನಿಸಿದ್ದ ಜೋಳ ಆ ಪಡಿತರದ ಅಕ್ಕಿಗಿಂತ ದುಬಾರಿಯಾಗಿದೆ. ಹಾಗಿದ್ದರೂ ಖಾನಾವಳಿಯ ಊಟದ ದರ ಕೈಗೆಟಕುವಂತಿದ್ದರೆ, ಅದರ ಗುಟ್ಟು ಒಲೆಯ ಮುಂದೆ ಕೂತ ಹೆಂಗಸಿನ ಕೂಲಿಯಲ್ಲಿದೆ. ನಸುಕಿನಲ್ಲಿ ಬಂದು ಕೂತವಳು ಹೊತ್ತು ಏರುವುದರೊಳಗೆ ನೂರಾರು ರೊಟ್ಟಿ ಬಡಿದಿರುತ್ತಾಳೆ. ಆಕೆ ಮನೆಯವಳೇ ಆಗಿದ್ದರೆ ಕೂಲಿ ಲೆಕ್ಕಕ್ಕೇ ಬರುವುದಿಲ್ಲ, ಕೂಲಿಯವಳಾಗಿದ್ದರೆ ರೊಟ್ಟಿಗಿಷ್ಟು ಎಂದು ಬರುತ್ತದೆ. ಅಂಗೈಯ ದಡ್ಡು, ಭುಜದ ನೋವು, ಹೊಗೆಯ ಕೆಮ್ಮು ಯಾವ ದರಪಟ್ಟಿಯಲ್ಲೂ ಇಲ್ಲ.

ಮುಂಬೈಯ ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಸಂಘಟಿಸಿ, ಬಡ್ಡಿ ಸಾಲದಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಅರ್ಧ ಶತಮಾನದ ತರುವಾಯ ಕಲಬುರಗಿ ಜಿಲ್ಲೆಯಲ್ಲಿ ಅಂಥದೇ ಯತ್ನವೊಂದು ಕಾಣುತ್ತಿದೆ. ಸ್ವಸಹಾಯ ಸಂಘಗಳ ಹೆಂಗಸರು ಬಡಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಪೊಟ್ಟಣವಾಗಿ ಮಾರಾಟವಾಗುತ್ತಿದ್ದು, 2025ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿಯೂ ಅದರ ಪ್ರಸ್ತಾಪ ಬಂತು. ರೊಟ್ಟಿ ಒತ್ತುವ ಯಂತ್ರಗಳೂ ಬಂದಿವೆ. ಅವು ರಟ್ಟೆಯ ದಣಿವನ್ನು ಕಡಿಮೆ ಮಾಡುತ್ತವೆ, ಆದರೆ ಯಂತ್ರದ ರೊಟ್ಟಿ ಬಡಿದ ರೊಟ್ಟಿಯಷ್ಟು ಮಿದುವಲ್ಲವೆಂದು ದೂರುವವರು ಸಾಮಾನ್ಯವಾಗಿ ಎಂದೂ ರೊಟ್ಟಿ ಬಡಿಯದ ಗಂಡಸರು.

ಈ ಸೀಮೆಯಲ್ಲಿ ಬೆಟ್ಟದ ಪ್ರವಾಸಿ ತಾಣವೆಂದು ಹೇಳಬಹುದಾದದ್ದು ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ಗುಡ್ಡಗಳು ಮಾತ್ರ. 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಈ ಒಣಭೂಮಿಯ ಕಾಡು, ಚಂದ್ರಂಪಳ್ಳಿ ಜಲಾಶಯ, ಮಳೆಗಾಲದ ಎತ್ತಿಪೋತ ಜಲಪಾತಗಳನ್ನು ನೋಡಲು ಬರುವವರು ಬುತ್ತಿ ಕಟ್ಟಿಕೊಂಡೇ ಬರುವುದು ವಾಡಿಕೆ. ಸುತ್ತಲಿನ ತಾಂಡಾಗಳ ಲಂಬಾಣಿಗರು ತಮ್ಮ ಮಾತಿನಲ್ಲಿ ರೊಟ್ಟಿಯನ್ನು ಬಾಟಿ ಎನ್ನುತ್ತಾರೆ. ಹೆಸರು ಬೇರೆ, ಬಡಿಯುವ ಕೈ ಅದೇ.

ಪಿಜ್ಜಾ ಈ ಊರುಗಳಿಗೆ ಬಾರದೆ ಉಳಿದಿಲ್ಲ. ತಾಲ್ಲೂಕು ಕೇಂದ್ರಗಳ ಬೇಕರಿಗಳಲ್ಲಿ ಪೊಟ್ಟಣದ ಬೇಸಿನ ಮೇಲೆ ಟೊಮೆಟೊ ಸಾಸು ಬಳಿದು, ಉಳ್ಳಾಗಡ್ಡಿ, ದೊಣ್ಣೆ ಮೆಣಸಿನಕಾಯಿ ಹೆಚ್ಚಿ ಹರವಿ, ತುರಿದ ಚೀಸ್ ಉದುರಿಸಿ ಕರೆಂಟಿನ ಒಲೆಯಲ್ಲಿ ಕಾಯಿಸಿ ಕೊಡುತ್ತಾರೆ. ಕಾಲೇಜು ಹುಡುಗರ ಹುಟ್ಟುಹಬ್ಬಕ್ಕೆ ಅಷ್ಟು ಸಾಕು. ಇಟಲಿಯಲ್ಲಿ ಬಡವರ ತಿನಿಸಾಗಿ ಹುಟ್ಟಿದ್ದು ಇಲ್ಲಿ ಶೋಕಿಯ ತಿನಿಸಾಗಿದೆ, ಅದನ್ನು ಯಾರೂ ಊಟವೆಂದು ಕರೆಯುವುದಿಲ್ಲ. ಬೇಕರಿಯ ಹುಡುಗ ರಜೆ ಹಾಕಿದರೆ ಮಾಲೀಕನೇ ಪಿಜ್ಜಾ ಕಾಯಿಸಿ ಕೊಡುತ್ತಾನೆ. ರೊಟ್ಟಿ ಬಡಿಯುವಾಕೆ ಬಾರದ ದಿನ ಖಾನಾವಳಿಯ ಗಲ್ಲೆಯ ಮೇಲೆ ಕೂತವನು ಗಿರಾಕಿಯ ಮುಖ ನೋಡದೆ ಹೇಳುತ್ತಾನೆ: ‘ಇವತ್ತ ಚಪಾತಿ ಅದಾವ್ರಿ.’