ಗೊರಸಿನ ನೋವು ಬೆನ್ನಿಗೇಕೆ?

ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ದಾಟಿ ಮುಂದೆ ಹೋದರೆ ಬ್ಯಾಡರಹಳ್ಳಿ ಸಿಕ್ಕುವುದು. ಕೆಲವು ತಿಂಗಳ ಹಿಂದೆ ಒಂದು ಸಂಜೆ ಅಲ್ಲಿ ಮದುವೆಯ ಮೆರವಣಿಗೆಯೊಂದು ಸಾಗಿತ್ತು. ಓಲಗದವರ ಹಿಂದೆ ಒಂದು ಬಿಳಿಯ ಕುದುರೆ, ಅದರ ಮೇಲೆ ಪೇಟ ಧರಿಸಿದ ಮದುವಣಿಗ. ಕುದುರೆಯು ಹೆಜ್ಜೆಹೆಜ್ಜೆಗೂ ತಲೆಯನ್ನು ಎತ್ತಿ ಇಳಿಸುತ್ತ ಬರುತ್ತಿದ್ದಿತು. ನಮ್ಮೊಡನಿದ್ದ ಇಬ್ಬರು ವಿದ್ಯಾರ್ಥಿಗಳು, "ಓಲಗಕ್ಕೆ ತಕ್ಕಂತೆ ಎಷ್ಟು ಚೆನ್ನಾಗಿ ಕುಣಿಯುತ್ತಿದೆ!" ಎಂದು ಮೆಚ್ಚಿದರು. ನಾವೂ ಹಾಗೆಯೇ ತಿಳಿದೆವು.

ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ನಕ್ಕರು. ಹಿಂದೆ ಜಟಕಾ ಕುದುರೆಗಳಿಗೆ ಲಾಳ ಕಟ್ಟಿ ಜೀವನ ಸಾಗಿಸಿದವರು ಅವರು. "ಅದು ಕುಣಿತವಲ್ಲ ಮೇಷ್ಟ್ರೇ, ಕುಂಟು. ಎಡಗಾಲು ಊರುವಾಗ ತಲೆ ಎತ್ತುತ್ತೆ, ಬಲಗಾಲು ಊರುವಾಗ ತಗ್ಗಿಸುತ್ತೆ. ಎಣಿಸಿ ನೋಡಿ" ಎಂದರು. ಎಣಿಸಿದೆವು, ಅವರು ಹೇಳಿದ್ದು ನಿಜವಾಗಿದ್ದಿತು. ಆರೋಗ್ಯವಾದ ಕುದುರೆಯೂ ನಡೆಯುವಾಗ ತಲೆಯಾಡಿಸುವುದುಂಟು. ಆದರೆ ಎಡ ಬಲ ಎರಡು ಹೆಜ್ಜೆಗಳಿಗೂ ಆ ಆಟ ಒಂದೇ ಸಮನಾಗಿರುವುದು. ಇಲ್ಲಿ ಸಮತೆ ತಪ್ಪಿದ್ದಿತು.

ಮೆರವಣಿಗೆ ಮುಗಿದ ಮೇಲೆ ಕುದುರೆಯವನನ್ನು ವಿಚಾರಿಸಿದೆವು. "ಇದಕ್ಕೆ ಬೆನ್ನುನೋವು ಸ್ವಾಮಿ. ಜೀನು ಹಾಕಲು ಹೋದರೆ ಬೆನ್ನು ತಗ್ಗಿಸಿ ಹಿಂಜರಿಯುತ್ತೆ. ಅದಕ್ಕೇ ಜೀನಿನ ಕೆಳಗೆ ಇನ್ನೊಂದು ಕಂಬಳಿ ಮಡಿಸಿ ಹಾಕಿದ್ದೇನೆ" ಎಂದನು. ವೃದ್ಧರು ಬೆನ್ನಿನ ಕಡೆ ನೋಡಲೇ ಇಲ್ಲ. ಬಾಗಿ, ಎಡ ಮುಂಗಾಲನ್ನು ಎತ್ತಿ ತಮ್ಮ ಮೊಣಕಾಲುಗಳ ನಡುವೆ ಹಿಡಿದು, ಗೊರಸಿನ ಸುತ್ತಲೂ ಇಕ್ಕಳದಿಂದ ಮೆಲ್ಲನೆ ಒತ್ತಿದರು. ಒಂದು ಮೊಳೆಯ ಬಳಿಗೆ ಬಂದಾಗ ಕುದುರೆ ಕಾಲನ್ನು ಸೆಳೆದುಕೊಂಡಿತು. ಮೊಳೆ ಒಳಗಿನ ಹಸಿಮಾಂಸಕ್ಕೆ ತೀರ ಸಮೀಪವಾಗಿ ಕೂತಿತ್ತು. ಗೊರಸಿನ ಮುಂತುದಿಯೂ ಬಹಳ ಉದ್ದ ಬೆಳೆದಿತ್ತು.

ನೋವು ಇದ್ದದ್ದು ಕಾಲಿನ ತುದಿಯಲ್ಲಿ, ಬಿಗಿದುಕೊಂಡದ್ದು ಬೆನ್ನು. ಇವೆರಡಕ್ಕೂ ಎಲ್ಲಿಯ ಸಂಬಂಧ? ಕಾಲೇಜಿನಲ್ಲಿ ನಾವು ಓದುವ ಒತ್ತಡ, ಸನ್ನೆ, ಭಾರಕೇಂದ್ರಗಳ ಸಾಮಾನ್ಯ ನಿಯಮಗಳೇ ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಡುತ್ತವೆ.

ಬೆರಳ ತುದಿಯ ಮೇಲೆ ನಿಂತ ಪ್ರಾಣಿ

ಕುದುರೆ ನಿಲ್ಲುವುದು ಅಂಗಾಲಿನ ಮೇಲಲ್ಲ, ಒಂದೊಂದು ಕಾಲಿನ ಒಂದೊಂದೇ ಬೆರಳಿನ ತುದಿಯ ಮೇಲೆ. ನಮ್ಮ ನಡುಬೆರಳಿಗೆ ಸಮನಾದ ಬೆರಳು ಅದು. ಗೊರಸು ಆ ಬೆರಳಿನ ಉಗುರು. ಸುಮಾರು 5½ ಕೋಟಿ ವರ್ಷಗಳ ಹಿಂದೆ ಇದ್ದ ಕುದುರೆಯ ಪೂರ್ವಿಕ ಪ್ರಾಣಿಗೆ ಮುಂಗಾಲಿನಲ್ಲಿ ನಾಲ್ಕು ಬೆರಳುಗಳಿದ್ದುವೆಂದು ಪಳೆಯುಳಿಕೆಗಳಿಂದ ತಿಳಿಯುವುದು. ಬಯಲಿನಲ್ಲಿ ವೇಗವಾಗಿ ಓಡುವ ಬಾಳು ಬಂದಂತೆ ಉಳಿದ ಬೆರಳುಗಳು ಕ್ಷಯಿಸಿ ನಡುಬೆರಳೊಂದೇ ಬಲಿಯಿತು.

ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆಯೇ ಜೀವವಿಲ್ಲದ ಕೊಂಬಿನ ಪದಾರ್ಥ. ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರು ಬೆಳೆಯುತ್ತ, ಮುಂತುದಿಯಲ್ಲಿ ಪೂರ್ತಿ ಹೊಸತಾಗಲು ಹೆಚ್ಚುಕಡಮೆ ಒಂದು ವರ್ಷ ಹಿಡಿಯುವುದು. ಗೋಡೆಯ ಒಳಗೆ ಗೊರಸಿನ ಮೂಳೆ ಇದೆ. ಈ ಮೂಳೆಯು ಗೋಡೆಗೆ ಸುಮಾರು 600 ತೆಳುಪದರಗಳಿಂದ ಹೆಣೆದುಕೊಂಡಿದೆ. ಎರಡು ಪುಸ್ತಕಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿದಂತೆ. ಕುದುರೆಯ ಭಾರದ ಬಹುಪಾಲು ಈ ಹೆಣಿಗೆಯಿಂದಲೇ ತೂಗುಬಿದ್ದಿದೆ ಎಂದರೆ ತಪ್ಪಾಗದು. ಹೆಣಿಗೆಗೆ ಉರಿಯೂತ ಬಂದರೆ ಕುದುರೆಗೆ ಆಗುವ ಯಾತನೆ ಅಷ್ಟಿಷ್ಟಲ್ಲ.

ಗೊರಸಿನ ತಳದಲ್ಲಿ, ಹಿಮ್ಮಡಿಯ ಕಡೆ, ಬೆಣೆಯಾಕಾರದ ಮೆತ್ತನೆಯ ಭಾಗವೊಂದಿದೆ. ಕಾಲೂರಿದಾಗ ಅದು ಅದುಮಿಕೊಂಡು, ಹಿಮ್ಮಡಿಯ ಎರಡು ಪಕ್ಕಗಳು ತುಸು ಅಗಲಿಸುತ್ತವೆ. ಕಾಲೆತ್ತಿದಾಗ ಮತ್ತೆ ಕೂಡುತ್ತವೆ. ಹಾಗಾಗಿ ಗೊರಸು ಕಲ್ಲಿನಂತಹ ಗಟ್ಟಿಯಲ್ಲ, ಬಿಗಿಯಾದ ಒಂದು ಸ್ಪ್ರಿಂಗು. ನೆಲಕ್ಕೆ ಬಡಿದಾಗ ಕಾಲಿನ ವೇಗ ಒಮ್ಮೆಲೇ ಶೂನ್ಯವಾದರೆ ಆಘಾತ ಹೆಚ್ಚು. ಸ್ವಲ್ಪ ನಿಧಾನವಾಗಿ ಶೂನ್ಯವಾದರೆ ಕಡಮೆ. ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವುದು ಇದೇ ನಿಯಮದಿಂದ. ಆ ಸೆಳೆತವನ್ನು ಗೊರಸು ತನ್ನ ಬಾಗುವಿಕೆಯಿಂದ ಸಾಧಿಸುವುದು.

ಲೆಕ್ಕ ಹೇಳುವುದೇನು?

450 ಕಿಲೋಗ್ರಾಂ ತೂಗುವ ಸವಾರಿಯ ಕುದುರೆಯೊಂದನ್ನು ತೆಗೆದುಕೊಳ್ಳೋಣ. ತಲೆ ಕತ್ತುಗಳು ಮುಂದಕ್ಕೆ ಚಾಚಿರುವುದರಿಂದ ಭಾರಕೇಂದ್ರವು ಮುಂಗಾಲುಗಳಿಗೆ ಹತ್ತಿರ. ಆದ್ದರಿಂದ ನೂರಕ್ಕೆ ಸುಮಾರು 60 ಭಾಗ ತೂಕ ಮುಂಗಾಲುಗಳ ಮೇಲೆ, ಎಂದರೆ ಒಂದೊಂದು ಮುಂಗೊರಸಿನ ಮೇಲೆ 135 ಕಿಲೋಗ್ರಾಂ. ಇದು ಸುಮ್ಮನೆ ನಿಂತಾಗ. ಎಡ ಮುಂಗಾಲು ಬಲ ಹಿಂಗಾಲು ಒಮ್ಮೆ, ಬಲ ಮುಂಗಾಲು ಎಡ ಹಿಂಗಾಲು ಇನ್ನೊಮ್ಮೆ ಊರುವ 'ಟ್ರಾಟ್' ಓಟದಲ್ಲಿ ಒಂದು ಮುಂಗಾಲಿನ ಮೇಲೆ ಇಡೀ ದೇಹದ ತೂಕದಷ್ಟು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚೇ, ಬಲ ಬೀಳುವುದು. ನಾಗಾಲೋಟದಲ್ಲಿ ಅದು ತೂಕದ ಎರಡೂವರೆ ಪಟ್ಟಿನವರೆಗೂ ಏರುವುದು. ಸವಾರನ ಭಾರ ಇದರ ಮೇಲೆ ಬೇರೆ.

ಗೊರಸಿನ ತಳದ ವಿಸ್ತೀರ್ಣವನ್ನು 125 ಚದರ ಸೆಂಟಿಮೀಟರೆಂದು ಇಟ್ಟುಕೊಂಡರೆ, ಮೆತ್ತನೆಯ ಮಣ್ಣಿನಲ್ಲಿ ತಳವೆಲ್ಲ ನೆಲಕ್ಕೆ ತಾಕಿದಾಗ ಟ್ರಾಟ್ ಓಟದ ಒತ್ತಡ ಚದರ ಸೆಂಟಿಮೀಟರಿಗೆ 450 ÷ 125, ಎಂದರೆ 3.6 ಕಿಲೋಗ್ರಾಂ. ಗಟ್ಟಿಯಾದ ಡಾಂಬರು ರಸ್ತೆಯ ಮೇಲೆ ಅಂಚು ಮಾತ್ರ ತಾಕಿ, ವಿಸ್ತೀರ್ಣ 45 ಚದರ ಸೆಂಟಿಮೀಟರಿಗೆ ಇಳಿದರೆ, ಒತ್ತಡ 10 ಕಿಲೋಗ್ರಾಮಿಗೆ ಏರುವುದು. ಇನ್ನು ಅಂಗಾಲಿಗೆ ಒಂದು ಹರಳು ಚುಚ್ಚಿದರೆ, ಅಥವಾ ಮೊಳೆಯೊಂದು ಹಸಿಮಾಂಸವನ್ನು ಒತ್ತಿದರೆ, ಆ ಕಿರುಜಾಗದಲ್ಲಿ ಒತ್ತಡ ಎಷ್ಟಾಗುವುದೆಂದು ವಾಚಕರೇ ಊಹಿಸಬಹುದು.

ಎರಡನೆಯ ಸಂಗತಿ ಸನ್ನೆಗೆ ಸಂಬಂಧಿಸಿದ್ದು. ಕುದುರೆ ಹೆಜ್ಜೆಯನ್ನು ಎತ್ತುವಾಗ ಗೊರಸು ತನ್ನ ಮುಂತುದಿಯ ಮೇಲೆ ಹೊರಳುವುದು. ಒಳಗಿನ ಕೀಲಿನಿಂದ ಆ ತುದಿಯವರೆಗಿನ ಅಂತರವೇ ಸನ್ನೆಯ ತೋಳು. ಉದಾಹರಣೆಗೆ, ಇದು 8 ಸೆಂಟಿಮೀಟರು ಇರಬೇಕಾದ ಕಡೆ ಗೊರಸು ಬೆಳೆದು 10 ಸೆಂಟಿಮೀಟರಾದರೆ, ಅಷ್ಟೇ ಬಲದ ತಿರುಗಿಸುವ ಪ್ರಭಾವ ನೂರಕ್ಕೆ 25ರಷ್ಟು ಹೆಚ್ಚುವುದು. ಅದನ್ನು ಎದುರಿಸಬೇಕಾದುದು ಕಾಲಿನ ಹಿಂದುಗಡೆ ಇಳಿದು ಗೊರಸಿನ ಮೂಳೆಗೆ ಅಂಟಿರುವ ಸ್ನಾಯುರಜ್ಜು. ಹೆಜ್ಜೆಹೆಜ್ಜೆಗೂ ಈ ಹೆಚ್ಚಿನ ಎಳೆತ. ದಿನಕ್ಕೆ ಸಾವಿರಾರು ಹೆಜ್ಜೆ.

ಬೆನ್ನೆಂಬ ಬಿಲ್ಲು

ಈಗ ಬೆನ್ನಿನ ಕಡೆಗೆ ತಿರುಗೋಣ. ಕುದುರೆಯ ಎದೆಯ ಭಾಗದಲ್ಲಿ 18, ಸೊಂಟದಲ್ಲಿ ಸಾಮಾನ್ಯವಾಗಿ 6 ಬೆನ್ನುಮೂಳೆಗಳಿವೆ. ಇವುಗಳ ಸಾಲನ್ನು 1946ರಲ್ಲಿ ಸ್ಲೈಪರ್ ಎಂಬ ಡಚ್ ವಿಜ್ಞಾನಿ ಬಿಲ್ಲಿಗೆ ಹೋಲಿಸಿದನು. ಬೆನ್ನುಮೂಳೆಯ ಸಾಲು ಬಿಲ್ಲಿನ ಕೋಲು; ಎದೆಮೂಳೆ ಮತ್ತು ಹೊಟ್ಟೆಯ ಸ್ನಾಯುಗಳು ಅದರ ಹೆದೆ. ಹೆದೆ ಬಿಗಿಯಾಗಿದ್ದರೆ ಬಿಲ್ಲು ಮೇಲಕ್ಕೆ ಕಮಾನಾಗಿ ನಿಲ್ಲುವುದು. ಸಡಿಲವಾದರೆ ನಡು ಕುಸಿಯುವುದು. ಸವಾರನು ಕೂರುವುದು ಸರಿಯಾಗಿ ಈ ಕಮಾನಿನ ನಡುವಿನಲ್ಲಿ.

ಕಮಾನಿನ ಎರಡು ತುದಿಗಳು ಕಾಲುಗಳಿಗೆ ಸೇರುವ ರೀತಿ ಒಂದೇ ಬಗೆಯದಲ್ಲ. ಹಿಂಗಾಲು ಸೊಂಟದ ಮೂಳೆಯ ಮೂಲಕ ಬೆನ್ನಿಗೆ ನೇರವಾಗಿ ಬೆಸೆದಿದೆ. ಮುಂಗಾಲಿಗೆ ಅಂತಹ ಬೆಸುಗೆಯಿಲ್ಲ. ಕುದುರೆಗೆ ಕೊರಳಮೂಳೆ ಇಲ್ಲ. ಎರಡು ಹೆಗಲುಗಳ ನಡುವೆ ಎದೆಗೂಡು ಕೇವಲ ಸ್ನಾಯುಗಳ ಜೋಲಿಯಲ್ಲಿ ತೂಗಾಡುತ್ತಿದೆ, ತೊಟ್ಟಿಲಲ್ಲಿ ಮಗು ಇದ್ದಂತೆ. ತೊಟ್ಟಿಲಿನ ಒಂದು ಹಗ್ಗ ಗಿಡ್ಡವಾದರೆ ಮಗು ಒಂದು ಕಡೆಗೆ ವಾಲುವುದಷ್ಟೆ. ಹಾಗೆಯೇ ಒಂದು ಮುಂಗೊರಸು ನೊಂದು ಆ ಕಡೆಯ ಸ್ನಾಯುಗಳು ಬಿಗಿದುಕೊಂಡರೆ ಎದೆಗೂಡೂ ಅದರ ಹಿಂದಿನ ಬೆನ್ನೂ ನೇರವಾಗಿ ಉಳಿಯಲಾರವು.

ತಲೆ ಎತ್ತುವುದರ ಗುಟ್ಟೂ ಇಲ್ಲಿಯೇ ಇದೆ. ತಲೆ ಕತ್ತುಗಳು ದೇಹದ ತೂಕದ ಸುಮಾರು ಹತ್ತನೆಯ ಒಂದು ಭಾಗ. ನೊಂದ ಮುಂಗಾಲು ಊರುವಾಗ ಅವನ್ನು ಮೇಲೆತ್ತಿದರೆ ಭಾರಕೇಂದ್ರ ತುಸು ಹಿಂದಕ್ಕೆ ಸರಿದು ಆ ಕಾಲಿನ ಹೊರೆ ಇಳಿಯುವುದು. ಆದರೆ ತಲೆ ಎತ್ತಿದಾಗಲೆಲ್ಲ ಬೆನ್ನು ತಗ್ಗುವುದು. ಹೆಜ್ಜೆಯೂ ಗಿಡ್ಡವಾಗುವುದು. ಬೆನ್ನಿನ ಎರಡು ಪಕ್ಕದ ಉದ್ದ ಸ್ನಾಯುಗಳು ನಡಿಗೆಯಲ್ಲಿ ಸರದಿಯಂತೆ ಬಿಗಿದು ಸಡಿಲಬೇಕು. ನೋವಿನ ಭಯದಲ್ಲಿರುವ ಕುದುರೆಯಲ್ಲಿ ಅವಕ್ಕೆ ಸಡಿಲುವ ಅವಕಾಶವೇ ಸಾಲದು. ಬಕೆಟ್ಟನ್ನು ಗಂಟೆಗಟ್ಟಲೆ ಹಿಡಿದು ನಿಂತವನ ತೋಳಿನಂತೆ ಅವು ದಣಿದು ನೋಯತೊಡಗುತ್ತವೆ. ಮೇಲಿಂದ ಜೀನು ಒತ್ತಿದಾಗ ಕುದುರೆ ಹಿಂಜರಿಯುವುದರಲ್ಲಿ ಆಶ್ಚರ್ಯವೇನು?

ಪರೀಕ್ಷೆಗೆ ಒಳಪಟ್ಟ ಊಹೆ

ಕುದುರೆಯ ಹೆಜ್ಜೆಯನ್ನು ಕಣ್ಣಿನಿಂದ ಮಾತ್ರ ಅಳೆಯುವುದು ಕಷ್ಟ. 1870ರ ದಶಕದಲ್ಲಿ ಮರೇ ಎಂಬ ಫ್ರೆಂಚ್ ಶರೀರವಿಜ್ಞಾನಿ ಗೊರಸುಗಳ ಕೆಳಗೆ ಗಾಳಿ ತುಂಬಿದ ರಬ್ಬರು ಚೆಂಡುಗಳನ್ನು ಕಟ್ಟಿ, ಅವು ಅದುಮಿಕೊಂಡಾಗಲೆಲ್ಲ ಕಾಗದದ ಮೇಲೆ ಗೆರೆ ಮೂಡುವಂತೆ ಮಾಡಿದನು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜನು ಸಾಲಾಗಿ ಇಟ್ಟ ಕ್ಯಾಮರಾಗಳಿಂದ ಓಡುವ ಕುದುರೆಯ ಚಿತ್ರಗಳನ್ನು ತೆಗೆದು, ನಾಲ್ಕು ಕಾಲುಗಳೂ ಏಕಕಾಲದಲ್ಲಿ ನೆಲ ಬಿಟ್ಟಿರುವ ಕ್ಷಣವುಂಟೆಂದು ತೋರಿಸಿದನು.

ಅದೇ ಪರಂಪರೆಯಲ್ಲಿ 2007ರಲ್ಲಿ ಯೂರೋಪಿನ ಸಂಶೋಧಕರು ನಮ್ಮ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಆರೋಗ್ಯವಾದ ಸವಾರಿ ಕುದುರೆಗಳ ಒಂದು ಮುಂಗೊರಸಿನ ತಳಕ್ಕೆ ಸ್ವಲ್ಪ ಒತ್ತಡ ಕೊಟ್ಟು, ಕಣ್ಣಿಗೆ ಕಂಡೂ ಕಾಣದಷ್ಟು ಕುಂಟನ್ನು ತಾತ್ಕಾಲಿಕವಾಗಿ ಉಂಟುಮಾಡಿದರು. ಬೆನ್ನಿನ ಮೇಲೆ ಹೊಳೆಯುವ ಗುರುತುಗಳನ್ನು ಅಂಟಿಸಿ, ಓಡುಪಟ್ಟಿಯ ಮೇಲೆ ನಡೆಸಿ, ಕ್ಯಾಮರಾಗಳಿಂದ ಅಳೆದರು. ಅಷ್ಟು ಅಲ್ಪ ನೋವಿಗೇ ಬೆನ್ನುಮೂಳೆಯ ಚಲನೆ ಬದಲಾಗಿದ್ದಿತು. 2013ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಸ್ವಾರಸ್ಯವಾದುದು. ಹಿಂಗಾಲು ಕುಂಟುವ ಹಲವು ಕುದುರೆಗಳಲ್ಲಿ ಜೀನು ಪದೇ ಪದೇ ಒಂದು ಪಕ್ಕಕ್ಕೆ ಜಾರುತ್ತಿದ್ದಿತು. ಮದ್ದು ಚುಚ್ಚಿ ಕಾಲಿನ ನೋವನ್ನು ಮರಗಟ್ಟಿಸಿದಾಗ ಅವುಗಳಲ್ಲಿ ಬಹುತೇಕ ಎಲ್ಲದರಲ್ಲೂ ಜೀನು ಜಾರುವುದು ನಿಂತಿತು. ಜೀನಿನದೋ ಸವಾರನದೋ ಎಂದುಕೊಂಡಿದ್ದ ತಪ್ಪು ಕುದುರೆಯ ಕಾಲಿನಲ್ಲಿದ್ದಿತು.

ಹೀಗೆಂದು ಎಲ್ಲ ಬೆನ್ನುನೋವಿಗೂ ಗೊರಸೇ ಕಾರಣವೆಂದು ಹೇಳಲಾಗದು. ಅಳತೆಗೆ ಹೊಂದದ ಜೀನು, ಹಲ್ಲಿನ ತೊಂದರೆ, ಬೆನ್ನುಮೂಳೆಯದೇ ರೋಗ, ಇವೂ ಇರಬಹುದು. ಬೆನ್ನು ನೊಂದ ಕುದುರೆಯ ನಡಿಗೆಯೂ ಕೆಡಬಹುದು. ಯಾವುದು ಮೂಲ, ಯಾವುದು ಫಲ ಎಂಬುದನ್ನು ಪಶುವೈದ್ಯರೇ ಪರೀಕ್ಷಿಸಿ ನಿರ್ಧರಿಸಬೇಕು. ಆದರೆ ಪರೀಕ್ಷೆ ನೆಲದಿಂದ ಮೊದಲಾಗುವುದು ಲೇಸು.

ಲಾಳದ ಹಿತಮಿತ

ಕನ್ನಡ ನಾಡಿಗೆ ಕುದುರೆಯ ವಿದ್ಯೆ ಹೊಸದಲ್ಲ. ಅಭಿನವಚಂದ್ರನೆಂಬ ಕವಿ ಹಿಂದೆಯೇ ಕನ್ನಡದಲ್ಲಿ ಅಶ್ವವೈದ್ಯವನ್ನು ಕುರಿತು ಬರೆದನು. ಟಿಪ್ಪುವಿನ ಸೈನ್ಯಕ್ಕಾಗಿ ಕುಣಿಗಲ್ಲಿನಲ್ಲಿ ಕುದುರೆಗಳನ್ನು ಸಾಕುತ್ತಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಸವಾರರು ಕಾರ್ಮೆಲ್ ಬೆಟ್ಟದ ಕಲ್ಲಿನ ಇಳಿಜಾರನ್ನು ಹತ್ತಿದ್ದು ಇಂತಹ ಗೊರಸುಗಳನ್ನು ನಂಬಿಯೇ. ದಸರೆಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಗಟ್ಟಿ ರಸ್ತೆಯ ಮೇಲೆ ನಡೆಯುವ ಅಶ್ವಾರೋಹಿ ಪೊಲೀಸರ ಕುದುರೆಗಳಿಗೂ ಅದೇ ಆಧಾರ.

ಗಟ್ಟಿ ರಸ್ತೆಯಲ್ಲಿ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುವುದರಿಂದ ಕಬ್ಬಿಣದ ಲಾಳ ಬೇಕಾಯಿತು. ಆದರೆ ಲಾಳ ಕಟ್ಟಿದ ಮೇಲೆ ಗೊರಸು ಸವೆಯದೆ ಬೆಳೆಯುತ್ತಲೇ ಹೋಗುವುದು. ಆದ್ದರಿಂದ ಸುಮಾರು ಆರು ವಾರಕ್ಕೊಮ್ಮೆ ಲಾಳವನ್ನು ಬಿಚ್ಚಿ, ಗೊರಸನ್ನು ಕತ್ತರಿಸಿ, ಅರದಿಂದ ಉಜ್ಜಿ, ಮತ್ತೆ ಕಟ್ಟಬೇಕು. ಮೊಳೆಗಳನ್ನು ಗೊರಸಿನ ಅತಿ ಅಗಲವಾದ ಜಾಗದಿಂದ ಮುಂದಕ್ಕೆ ಮಾತ್ರ ಹೊಡೆಯುವುದು ರೂಢಿ. ಹಿಂದೆ ಹೊಡೆದರೆ ಹಿಮ್ಮಡಿ ಅಗಲಿಸಲಾರದೆ ಸ್ಪ್ರಿಂಗಿನ ಗುಣವೇ ನಷ್ಟವಾಗುವುದು. ಲಾಯದ ನೆಲ ಒಣಗಿರಬೇಕು. ಗಂಜಲದಲ್ಲಿ ನೆನೆದ ಗೊರಸಿನ ಮೆತ್ತನೆಯ ಭಾಗ ಕೊಳೆಯುವುದು. ದಿನವೂ ಗೊರಸನ್ನೆತ್ತಿ ಹರಳು ಮಣ್ಣನ್ನು ತೆಗೆಯಬೇಕು. ಇವು ದುಬಾರಿಯ ಚಿಕಿತ್ಸೆಗಳಲ್ಲ, ಮರೆಯದಿರಬೇಕಾದ ಕೆಲಸಗಳು.

ಬ್ಯಾಡರಹಳ್ಳಿಯ ಕುದುರೆಯ ಲಾಳವನ್ನು ವೃದ್ಧರು ಅಂದೇ ಬಿಚ್ಚಿದರು. ಪಶುವೈದ್ಯರನ್ನು ಕರೆಸಲಾಯಿತು. ಕೆಲವು ವಾರ ಕುದುರೆಗೆ ಸವಾರಿ ಕಟ್ಟಲಿಲ್ಲ. ಮದುವೆಯ ಕಾಲದಲ್ಲಿ ಆ ಸಂಪಾದನೆ ತಪ್ಪಿದ್ದು ಕುದುರೆಯವನಿಗೆ ಕಷ್ಟವೇ ಆಯಿತೆಂಬುದನ್ನು ಮರೆಮಾಡಲಾಗದು. ಮುಂದೆ ಒಂದು ದಿನ ಅದೇ ರಸ್ತೆಯಲ್ಲಿ ಅದನ್ನು ಮತ್ತೆ ಕಂಡೆವು. ನಮ್ಮ ವಿದ್ಯಾರ್ಥಿಗಳು ಕೇಳದೆಯೇ ಹೆಜ್ಜೆ ಎಣಿಸತೊಡಗಿದರು. ಎಡಗಾಲಿಗೂ ಬಲಗಾಲಿಗೂ ತಲೆಯ ಆಟ ಒಂದೇ ಸಮನಾಗಿದ್ದಿತು. ಜೀನಿನ ಕೆಳಗಿನ ಎರಡನೆಯ ಕಂಬಳಿ ಇರಲಿಲ್ಲ.

ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದೆನ್ನುತ್ತೇವೆ. ಅದು ಹೆಜ್ಜೆಹೆಜ್ಜೆಗೂ ಹೇಳುತ್ತಲೇ ಇರುತ್ತದೆ; ನಾವು ಅದನ್ನು ಕುಣಿತವೆಂದು ತಿಳಿದು ಚಪ್ಪಾಳೆ ತಟ್ಟುತ್ತೇವೆ. ಮುಂದಿನ ಮೆರವಣಿಗೆಯಲ್ಲಿ ವಾಚಕರು ಪೇಟವನ್ನು ನೋಡುವ ಮೊದಲು ಗೊರಸನ್ನು ನೋಡಲಿ.